ಹದಿನೇಳು ಮೊಳ

ಬಳ್ಳಾರಿ, ಕೌಲ್ ಬಜಾರ್
ವಿರೋಧಿ ಸಂವತ್ಸರ, ಚೈತ್ರ ಬಹುಳ ಪಂಚಮಿ, 1889

ಗೆಳೆಯ ವಿರೂಪಾಕ್ಷಪ್ಪನಿಗೆ ಮಧುಸೂದನರಾಯನ ಆಶೀರ್ವಾದ. ನಗಬ್ಯಾಡ. ನಿನಗಿಂತ ಮೂರು ತಿಂಗಳು ದೊಡ್ಡಾವ ಇದ್ದೀನಿ, ಆಶೀರ್ವಾದ ಮಾಡೋ ಹಕ್ಕು ಅದ, ಸುಮ್ಮನ ತೊಗೋ.

ನಿನ್ನೆ ಅಂಗಡಿ ಮುಂದ ಹೊಸಾ ಹಲಗಿ ಏರಿಸಿದೆ. ಮೊದಲು ನಿನ್ನ ಹೆಸರು, ಆಮೇಲೆ ನನ್ನದು, ಕಡೀಕೆ ಕಂಪನಿ ಅಂತ. ಬಜಾರದ ಮಂದಿ ನಿಂತು ಓದಿದ್ದೇ ಓದಿದ್ದು. "ಸಿರುಗುಪ್ಪಿ ಶೆಟ್ಟರ ಜವಳಿ ಅಂಗಡಿ, ನಮ್ಮ ರಾಯರ ಜವಳಿ ಅಂಗಡಿ ಒಂದಾದವೇನ್ರಿ?" ಅಂತ ಕೇಳಿದವರಿಗೆ ಹೌದು, ಹೌದು ಅಂತ ಹೇಳಿ ಹೇಳಿ ಗಂಟಲ ಆರಿತು. ನೀನೂ ನಾನೂ ಸಾಲಿ ಜಗಲಿ ಮ್ಯಾಲೆ ಒಂದೇ ಉಸುಕಿನ ತಟ್ಟಿಯೊಳಗ ಅಕ್ಷರ ತಿದ್ದಿದವರು. ನಡುವ ನೀ ಸಿರುಗುಪ್ಪಿ ಸೇರಿದಿ, ನಾ ಇಲ್ಲೇ ಉಳಿದೆ. ರೈಲಿನೊಳಗ ಮುಂಬೈ ಗಿರಣಿ ಬಟ್ಟಿ ಬಂದು ಇಬ್ಬರ ಕುತ್ತಿಗಿ ಹಿಡೀಲಿಕ್ಕೆ ಹತ್ತಿದ ಮ್ಯಾಲೆ ಮತ್ತ ಒಂದಾಗಬೇಕಾತು. ಗಿರಣಿಗೆ ಒಂದು ನಮಸ್ಕಾರ ಅಂತೀನಿ ನಾ.

ಕುರುಗೋಡಿನೊಳಗ ಸೀರಿ ಅಳತಿ ಗೊತ್ತುಮಾಡಲಿಕ್ಕೆ ಕೂತಾಗಿನ ಮಾತು ನೆನಸಿಕೊಂಡರ ಇನ್ನೂ ನಗು ಬರತದ. ನೇಕಾರ ಓಬಣ್ಣ ಹೇಳಿದ್ದು ಖರೇ. ಇಬ್ಬರೂ ಒಂದೇ ಅಳತಿ ಹೇಳಿದರ ಒಂದೇ ಉದ್ದನ ಹಾಸು ಹಾಕಿ ನೇಯಬಹುದು, ನೂಲು ಉಳೀತದ, ಸೀರಿ ಅಗ್ಗ ಬೀಳತದ. ಆದರ ನಮ್ಮ ಹೆಣ್ಣುಮಕ್ಕಳು ಕಚ್ಚಿ ಹಾಕಿ ಉಡೋದು ಹದಿನೆಂಟು ಮೊಳ. ನಿಮ್ಮ ಕಡೆ ಕಚ್ಚಿ ಇಲ್ಲ, ಹದಿನಾರು ಸಾಕು. "ನಿನ್ನ ಹದಿನಾರೇ ಇರಲಿ" ಅಂದೆ ನಾ. "ಛೇ ಛೇ, ನಿನ್ನ ಹದಿನೆಂಟೇ ಇರಲಿ" ಅಂದಿ ನೀ. ಊಟದ ಹೊತ್ತು ಮೀರಿದರೂ ಇಬ್ಬರೂ ಬಿಡಲಿಲ್ಲ. ಕಡೀಕೆ ಹದಿನೇಳು ಅಂತ ಮುಗಿಸಿ ಎದ್ವಿ. ಓಬಣ್ಣ ನಮ್ಮಿಬ್ಬರ ಮಾರಿ ಪಿಳಿಪಿಳಿ ನೋಡಿದ. ಪಾಪ, ಗೆಳೆತನ ಅಂದ್ರ ಏನಂತ ಅವನಿಗೇನು ಗೊತ್ತು!

ಬಣ್ಣ, ಅಂಚಿನ ದಡಿ ಲೆಕ್ಕ ಹಿಡಿದರ ನನ್ನ ಅಂಗಡಿಯೊಳಗ ಇಪ್ಪತ್ತೆರಡು ನಮೂನಿ ಇದ್ದವು, ನಿನ್ನೊಳಗೂ ಹೆಚ್ಚುಕಡಿಮಿ ಅಷ್ಟೇ. ಎರಡೂ ಕೂಡಿ ಈಗ ಒಂಬತ್ತು. ಕಪಾಟಿನೊಳಗ ಭಾಳ ಜಾಗ ಆಗ್ಯದ. ನಿನ್ನ ಕಡೆ ವ್ಯಾಪಾರ ಹ್ಯಾಂಗದ, ಬರಿ.

ಮಧುಸೂದನ


ಸಿರುಗುಪ್ಪ
14 ಮೇ 1889

ಮಧು,

ನಿನ್ನ ಆಶೀರ್ವಾದ ಗಂಟು ಕಟ್ಟಿ ಅಟ್ಟದ ಮ್ಯಾಲ ಇಟ್ಟೀನಿ. ಮುಂದ ಬೇಕಾದೀತು.

ಇಲ್ಲಿ ಎಲ್ಲಾ ಚೊಲೋ ಐತಿ. ಹದಿನೇಳು ಮೊಳದ್ದು ಬಂದೈತಿ, ಹೊಂಟೈತಿ. ಒಂದು ಮೊಳ ಹೆಚ್ಚಿಗಿ ಬಂತಲ್ಲ ಅಂತ ಹೆಣ್ಮಕ್ಕಳು ಖುಷಿ ಅದಾರ. ನಿನ್ನ ಕಡೆ ಒಂದು ಮೊಳ ಕಡಿಮಿ ಆತಲ್ಲ, ಅದರದ ನನಗ ಚಿಂತಿ. ಏನಾರ ಇದ್ರ ಮುಚ್ಚಿಡಬ್ಯಾಡ.

ಹುಣಸಿಬೀಜದ ಬಣ್ಣದ ಚೌಕಳಿ ಸೀರಿ ನಿಲ್ಲಿಸಿದೆ. ಬಳ್ಳಾರಿ ಪ್ಯಾಟ್ಯಾಗ ಅದನ್ನ ಯಾರು ಉಡಬೇಕು, ಸುಮ್ಮನ ನಿನ್ನ ಕಪಾಟು ತುಂಬತೈತಿ ಅಂತ. ನಿಂತ ಮ್ಯಾಲ ಮನಸ್ಸು ಯಾಕೋ ಭಾರ ಆತು. ನಮ್ಮಪ್ಪನ ಕಾಲಕ್ಕ ಬಾದನಹಟ್ಟಿ ಅಂಬಮ್ಮ ಅಂತ ಒಬ್ಬಾಕಿ ಬರತಿದ್ದಳು, ನೀನೂ ನೋಡಿದ್ದಿ, ದೊಡ್ಡ ದನಿ ಆಕಿದು. ವರ್ಷಕ್ಕ ಒಂದ ಸೀರಿ ಒಯ್ಯಾಕಿ, ಆದರ ಇದ್ದಬದ್ದ ಸೀರಿ ಎಲ್ಲಾ ಹಾಸಸಾಕಿ. ಅಂಗಡಿ ತುಂಬ ಬಣ್ಣ ಬಿದ್ದಿರತಿತ್ತು. ಎಲ್ಲಾ ನೋಡಿ, ಎಲ್ಲಾ ಮುಟ್ಟಿ, ನೀರು ಕೇಳಿ ಕುಡುದು, ಕಡೀಕ ಅದ ಹುಣಸಿಬೀಜದ ಚೌಕಳಿ ಎತ್ತಿಕೊಂಡು ಹೋಗಾಕಿ. "ಅದನ್ನ ಒಯ್ಯಾಕಿ ಇದ್ದಿ, ಊರ ಸೀರಿ ಯಾಕ ಬಿಚ್ಚಿಸಿದಿ ತಾಯಿ?" ಅಂದ್ರ "ನೋಡಬಾರದೇನೋ ಎಪ್ಪಾ?" ಅಂತಿದ್ದಳು. ಈಗ ಬಂದ್ರ ಆಕಿಗೆ ಹಾಸಾಕ ಒಂಬತ್ತು ಸೀರಿ. ಒಂದು ಚಾಪಿನೂ ತುಂಬಂಗಿಲ್ಲ.

ಮುಂದಿನ ಎರಡು ಸಾಲು ಹೊಡದ ಹಾಕೀನಿ. ಬೆಳಕಿಗೆ ಹಿಡದು ಓದಾಕ ಹೋಗಬ್ಯಾಡ, ಏನೂ ಇಲ್ಲ ಅದರಾಗ.

ವಿರೂಪಾಕ್ಷಿ


ಬಳ್ಳಾರಿ
ಶ್ರಾವಣ ಶುದ್ಧ ದಶಮಿ, 1889

ವಿರೂಪಾಕ್ಷಿ,

ಬೆಳಕಿಗೆ ಹಿಡಿದೆ. ಓದಲಿಕ್ಕೆ ಬರಲಿಲ್ಲ. ಭಾರಿ ಹೊಡದ ಹಾಕೀದಿ ಬಿಡು.

ನೀ ಖುಷಿಯೊಳಗ ಇದ್ದೀ ಅಂದಮ್ಯಾಲೆ ನನಗ ಮತ್ತೇನು ಬೇಕು. ಇಲ್ಲೂ ನಡದದ. ಕಚ್ಚಿ ತುಸು ಬಿಗಿ ಆಗತದ ಅಂತ ಒಬ್ಬರಿಬ್ಬರು ಅಂದರು. ಹೊಸಾದಕ್ಕ ರೂಢಿ ಆಗಬೇಕಲ್ಲ. ನಮ್ಮಾಕಿ ಮಾತ್ರ ಹೊಸಾ ಸೀರಿ ಬಿಚ್ಚಿಯೇ ಇಲ್ಲ, ಹಳೇದೇ ಗಟ್ಟಿ ಅದ ಅಂತಾಳ.

ಶ್ರಾವಣ ಬಂತಂದ್ರ ನಮ್ಮಪ್ಪ ಕೋಟಿ ಕೆಳಗಿನ ಮನಿ ಪಡಸಾಲಿಯೊಳಗ ಸೀರಿ ಹಾಸತಿದ್ದದ್ದು ಕಣ್ಣ ಮುಂದ ಬರತದ. ನಮ್ಮ ಹೆಣ್ಣುಮಕ್ಕಳು ಆಗ ಬಜಾರಕ್ಕ ಬರತಿದ್ದಿಲ್ಲ, ಮನೀಗೇ ಬರಬೇಕು. ಅಪ್ಪ ಗ್ವಾಡಿ ಕಡೆ ಮಾರಿ ಮಾಡಿ ಕೂಡತಿದ್ದ, ಅವರು ಸಂಕೋಚ ಇಲ್ಲದ ನೋಡಲಿ ಅಂತ. ಬೆನ್ನ ಹಿಂದ ಬಳಿ ಸಪ್ಪಳ. ಗಿಣಿ ಹಸರು ಹಿಡಿದರೋ, ಬದನಿಕಾಯಿ ಬಣ್ಣ ಹಿಡಿದರೋ, ಕರೇ ಚಂದ್ರಕಾಳಿ ಹಿಡಿದರೋ, ಅವನಿಗೆ ಅವರ ದನಿಯೊಳಗೇ ತಿಳೀತಿತ್ತು. ನಿನ್ನೆ ಒಬ್ಬಾಕಿ ಬಂದು ಬದನಿಕಾಯಿ ಬಣ್ಣ ಕೇಳಿದಳು. ಇಲ್ಲಮ್ಮ, ನಿಂತದ ಅಂದೆ. ಎದುರಿನ ಗಿರಣಿ ಬಟ್ಟಿ ಅಂಗಡಿಯೊಳಗ ಹೊಕ್ಕಳು. ಇರಲಿ, ಒಬ್ಬಾಕಿ.

ಈಗ ಮುಖ್ಯ ವಿಷಯ. ನಾ ಹುಟ್ಟಿದ ವಿರೋಧಿ ಸಂವತ್ಸರ ಸುತ್ತಿ ಬಂದದ. ಮಾರ್ಗಶಿರ ಶುದ್ಧ ದಶಮಿಗೆ ಅರವತ್ತರ ಶಾಂತಿ. ನೀನೂ ನಿನ್ನ ಮನಿಯಾಕಿ ಗುರುಬಸಮ್ಮನೂ ಬರಲೇಬೇಕು. ಬರದಿದ್ದರ ನಾ ಅರವತ್ತು ತುಂಬಸಂಗಿಲ್ಲ, ಐವತ್ತೊಂಬತ್ತಕ್ಕೇ ನಿಲ್ಲತೀನಿ.

ಮಧುಸೂದನ


ಸಿರುಗುಪ್ಪ
20 ನವೆಂಬರ್ 1889

ಮಧು,

ಅಂಗಡಿ ಬಿಟ್ಟು ಬರಾಕ ಆಗವಲ್ದು. ಬಯ್ಯಿ, ಬೈಸಿಕೊಂತೀನಿ. ನನ್ನ ಬದಲಿಗೆ ಗುರುಬಸಮ್ಮ ಬರತಾಳ. ಆಕಿ ತಮ್ಮ ಮರಿಬಸಪ್ಪ ಗಾಡಿ ಹೂಡಿಕೊಂಡು ಕರಕೊಂಡು ಬರತಾನ.

ವೈನಿಯವರಿಗೆ ಒಂದು ಸೀರಿ ಕಳಿಸೀನಿ. ದಾಳಿಂಬರಿ ಬಣ್ಣ, ರೇಷ್ಮಿ ದಡಿ. ನಾನ ಕುರುಗೋಡಿಗೆ ಹೋಗಿ ಓಬಣ್ಣನ ಮಗ್ಗದ ಮುಂದ ಕುಂತು ನೇಯಿಸೀನಿ. "ರಾಯರ ಮನಿಗೆ ಐತೇನ್ರಿ? ಹಂಗಾದ್ರ ಹದಿನೆಂಟು ಮೊಳ ನೇಯಲೇನ್ರಿ?" ಅಂದ. ನನಗ ಸಿಟ್ಟು ಬಂತು. "ನಮ್ಮ ಅಂಗಡಿ ಅಳತಿ ಹದಿನೇಳು. ನಮ್ಮ ಮನೀಗೂ ಅದ, ರಾಯರ ಮನೀಗೂ ಅದ" ಅಂದೆ. ನಿನಗ ಬ್ಯಾರೆ ಅಳತಿ ಕಳಿಸಿದ್ರ ನಾವು ಕೂಡಿದ್ದಕ್ಕ ಏನು ಅರ್ಥ?

ಶಾಂತಿ ದಿವಸ ವೈನಿ ಅದನ್ನ ಉಡಬೇಕು. ನಾ ಬಂದಂಗ ಅನ್ಕೋ.

ವಿರೂಪಾಕ್ಷಿ


ಬಳ್ಳಾರಿ
ಮಾರ್ಗಶಿರ ಬಹುಳ ಬಿದಿಗೆ, 1889

ವಿರೂಪಾಕ್ಷಿ,

ಶಾಂತಿ ಸಾಂಗವಾಗಿ ಆತು. ಮಂದಿ ಭಾಳ ಕೂಡಿದ್ದರು. ಕಲಶದ ನೀರು ಹಾಕಿ ಹಾಕಿ ನನಗ ಚಳಿ ಹತ್ತಿತು. ಎರಡನೇ ಸಲ ಮದಿವಿ ಅಂತ ಎಲ್ಲಾರೂ ಚ್ಯಾಷ್ಟಿ ಮಾಡಿದರು. ನಮ್ಮಾಕಿ ನಿನ್ನ ಸೀರಿನೇ ಉಟ್ಟಿದ್ದಳು. ಕಚ್ಚಿ ಭಾಳ ಚಂದ ಕೂತಿತ್ತು. ಬಂದವರೆಲ್ಲಾ ಎಲ್ಲಿದು, ಎಲ್ಲಿದು ಅಂತ ಕೇಳಿದ್ದೇ ಕೇಳಿದ್ದು. ನಮ್ಮ ಕಂಪನಿದು ಅಂದೆ.

ತಂಗಿ ಗುರುಬಸಮ್ಮ ಬಂದದ್ದು ಭಾಳ ಸಂತೋಷ. ಗದ್ದಲದೊಳಗ ಸರಿಯಾಗಿ ಮಾತಾಡಲಿಕ್ಕೆ ಆಗಲಿಲ್ಲ. ಊರು ಸುಖವಾಗಿ ಮುಟ್ಟಿದಳೋ ಹ್ಯಾಂಗ, ತಿಳಿಸು.

ಮಧುಸೂದನ


ಸಿರುಗುಪ್ಪ
4 ಜನವರಿ 1890

ಮಧುಸೂದನರಾಯರಿಗೆ ಶರಣಾರ್ಥಿ.

ತಮ್ಮ ಪತ್ರ ಮುಟ್ಟಿತು. ಮನಿಯಾಕಿ ಸುಖವಾಗಿ ಬಂದಾಳ. ಸೀರಿ ಚಂದ ಕುಂತಿತ್ತು ಅಂತ ಬರದೀರಿ, ಸಂತೋಷ. ಅಂದಮ್ಯಾಲ ಒಂಬತ್ತು ನಮೂನಿ ಯಾಕ ಬೇಕು? ಚಂದ್ರಕಾಳಿ, ರುದ್ರಾಕ್ಷಿ ದಡಿ, ಗಿಣಿ ಹಸರು ಎಲ್ಲಾ ನಿಲ್ಲಸಾಕ ಕುರುಗೋಡಿಗೆ ಹೇಳಿ ಕಳಿಸೀನಿ. ಇನ್ನ ಮ್ಯಾಲ ಮೂರು ನಮೂನಿ, ಹದಿನೇಳು ಮೊಳ.

ವಿರೂಪಾಕ್ಷಪ್ಪ


ಬಳ್ಳಾರಿ
ಫಾಲ್ಗುಣ ಶುದ್ಧ ಅಷ್ಟಮಿ, 1890

ವಿರೂಪಾಕ್ಷಿ,

ಸಂಕ್ರಾಂತಿಗೆ ಪತ್ರ ಹಾಕಿದೆ, ರಥಸಪ್ತಮಿಗೆ ಹಾಕಿದೆ, ಶಿವರಾತ್ರಿಗೂ ಹಾಕಿದೆ. ಒಂದಕ್ಕೂ ಉತ್ತರ ಇಲ್ಲ. ಟಪಾಲಿನವ ಬಂದರ ಬಾಗಲ ತನಕ ಓಡಿ ಹೋಗತೀನಿ, ಸೊಸಿ ನಗತಾಳ. ಐವತ್ತು ವರ್ಷದೊಳಗ ನೀ ನನಗ "ನೀವು" ಅಂದಿದ್ದಿಲ್ಲ. ಅದನ್ನ ಎರಡೆರಡು ಸಲ ಓದಿದೆ. ಅಂಗಡಿ ಹಾಳಾಗಿ ಹೋಗಲಿ, ನೀ ಯಾಕ ಹಿಂಗ ಆದಿ, ಅದನ್ನ ಹೇಳು.

ಯೋಚನಿ ಮಾಡಿ ಮಾಡಿ ನನಗ ಒಂದೇ ಕಾರಣ ಹೊಳೀತದ. ಗುರುಬಸಮ್ಮನ್ನ ನಾವು ಊಟದ ಸಾಲಿನೊಳಗ ಕರೀಲಿಲ್ಲ. ಹಿತ್ತಲ ಕಡೆ ಜಾಗ ಮಾಡಿ, ಅಕ್ಕಿ ಬ್ಯಾಳಿ ಕೊಟ್ಟು ಬ್ಯಾರೆ ಇಟ್ಟಿವಿ. ಮಡಿ, ಮಂದಿ, ಅಂತ ಏನೇನೋ. ಆಕಿಗೆ ನೋವಾಗಿರಬೇಕು. ನಿಮ್ಮವ್ವ ನನಗ ಹಂಗ ಮಾಡಿದ್ದಿಲ್ಲ. ಸಾಲಿ ಬಿಟ್ಟ ಮ್ಯಾಲೆ ನಿಮ್ಮ ಮನಿ ಬೇವಿನ ಗಿಡದ ಬುಡಕ್ಕ ನನ್ನ ಕೂಡಿಸಿ ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿ ಕೊಡತಿದ್ದಳು. ನಾ ತಿಂದು, ಬಾಯಿ ತೊಳಕೊಂಡು, ಏನೂ ಗೊತ್ತಿಲ್ಲದಾವನಂಗ ಮನೀಗೆ ಬರತಿದ್ದೆ. ಅಂಥಾ ರುಚಿ ನನ್ನ ಬಾಯಿಗೆ ಮತ್ತ ಹತ್ತಲಿಲ್ಲ. ಆ ತಾಯಿ ಸೊಸೀನ್ನ ನಾ ಹಿತ್ತಲಿನೊಳಗ ಇಟ್ಟೆ. ತಪ್ಪಾತೋ. ನನ್ನ ಬಯ್ಯಿ, ಆದರ "ನೀವು" ಅನಬ್ಯಾಡ.

ಮಧು


ಸಿರುಗುಪ್ಪ
11 ಮಾರ್ಚ್ 1890

ಲೇ ಮಧು,

ನಿನಗ ಅರವತ್ತು ತುಂಬಿದ್ದು ಸುಳ್ಳು. ಬುದ್ಧಿ ಆರಕ್ಕ ನಿಂತೈತಿ.

ನಿನ್ನ ಪತ್ರ ಓದಿ ಗುರುಬಸಮ್ಮ ಹೊಟ್ಟಿ ಹಿಡಕೊಂಡು ನಕ್ಕಳು. ನೀವು ಒಳಗ ಕರದಿದ್ರ ಆಕಿ ಬರತಿದ್ದಿಲ್ಲಲೇ. ಆಕಿ ಲಿಂಗಪೂಜಿ ಮಾಡಿ, ತನ್ನ ಅಡಗಿ ತಾನ ಮಾಡಿಕೊಂಡು ಉಣ್ಣಾಕಿ. ನಿಮ್ಮ ಮನಿ ಹಿತ್ತಲ ಭಾವಿ ನೀರು ಸಿಹಿ ಐತಿ, ಬೀಸಣಿಗಿ ತಂದು ಇಟ್ಟರು, ಭಾಳ ಚೊಲೋ ನೋಡಿಕೊಂಡರು ಅಂತ ವಾರಗಟ್ಟಲೆ ಹೇಳ್ಯಾಳ. ಅದಕ್ಕ ಯಾರು ಸಿಟ್ಟಾಗ್ಯಾರ?

ಸಿಟ್ಟು ಸೀರಿ ಮ್ಯಾಲೆ. ಆಕಿ ಕಣ್ಣಿಲೆ ನೋಡ್ಯಾಳ. ಶಾಂತಿ ಹೊತ್ತಿನ್ಯಾಗ ವೈನಿ ಉಟ್ಟಿದ್ದು ಹಳೇ ಹಸರು ಸೀರಿ, ಹದಿನೆಂಟು ಮೊಳದ್ದು. ಅದು ಹನ್ನೆರಡು ವರ್ಷದ ಹಿಂದಿನ ಓಬಣ್ಣನ ನೇಯ್ಗಿ, ಆಕಿಗೆ ಗುರುತು ಸಿಗಂಗಿಲ್ಲೇನು? ನನ್ನ ದಾಳಿಂಬರಿ ಸೀರಿ ಮಡಚಿದ್ದು ಮಡಚಿದಂಗ ದೇವರ ಮುಂದ ಕುಂತಿತ್ತು, ಮ್ಯಾಲ ಒಂದು ಅಡಕಿ. ಆಕಿ ಬಂದು ಹೇಳಿದಳು. "ಇರಲಿ, ಮಧು ಖರೇ ಹೇಳತಾನ" ಅಂದೆ ನಾ. ಮೂರು ದಿನಕ್ಕ ನಿನ್ನ ಪತ್ರ ಬಂತು, ಕಚ್ಚಿ ಚಂದ ಕುಂತಿತ್ತು ಅಂತ! ಮಂದಿಗೆ ಹೇಳೂ ಮಾತು ನನಗ ಹೇಳಿದಿ. ನಾ ಮಂದಿ ಆದೆ. ಹಂಗಾದ್ರ ಮಂದಿಗೆ ಅಂದಂಗ ನೀವು ಅಂತೀನಿ ಅಂದೆ. ಬರದ ಮ್ಯಾಲ ಎರಡು ದಿನ ಅನ್ನ ಸೇರಲಿಲ್ಲ.

ಇನ್ನ ನಾನೂ ಹೇಳಿಬಿಡತೀನಿ. ನಮ್ಮ ಹೆಣ್ಮಕ್ಕಳು ಖುಷಿ ಅದಾರ ಅಂತ ಬರದಿದ್ನಲ್ಲ, ಅದು ಸುಳ್ಳು. ಅವರು ಹೊಲದಾಗ ದುಡಿಯೂ ಮಂದಿ. ಆ ಹೆಚ್ಚಿಗಿ ಮೊಳ ಸೊಂಟದಾಗ ಉಂಡಿ ಆಗಿ ಕುಂದರತೈತಿ, ಬಗ್ಗಾಕ ಬರಂಗಿಲ್ಲ. ಅಂಗಡಿ ಕಟ್ಟಿ ಮ್ಯಾಲ ನಿಂತು ನನ್ನ ಕಣ್ಣ ಮುಂದ ಟರ್ ಅಂತ ಹರದು, ಕೂಸಿನ ಕುಂಚಿಗಿಗೆ ಇಟಗೊಂಡು ಹೋಗತಾರ. ಮೊದಲ ಪತ್ರದಾಗ ಹೊಡದ ಹಾಕಿದ್ದು ಇದನ್ನ. ನಿನಗ ಚೊಲೋ ನಡದೈತಿ, ನನ್ನಿಂದ ಕೆಡಬಾರದು ಅಂತ ಸುಮ್ಮನಿದ್ದೆ. ನಿನಗೂ ಚೊಲೋ ಇಲ್ಲ ಹೌದಲ್ಲೋ? ಖರೇ ಬರಿ. ಈ ಸಲ ಸುಳ್ಳು ಬರದ್ರ ನಿನಗೂ ನನಗೂ ಮುಗೀತು.

ವಿರೂಪಾಕ್ಷಿ


ಬಳ್ಳಾರಿ
ವಿಕೃತಿ ಸಂವತ್ಸರ, ಚೈತ್ರ ಶುದ್ಧ ತದಿಗೆ, 1890

ವಿರೂಪಾಕ್ಷಿ,

ಖರೇ ಬರೀತೀನಿ.

ಆ ದಿನ ಬೆಳಿಗ್ಗೆ ನಮ್ಮಾಕಿ ನಿನ್ನ ಸೀರಿ ಮಡಿ ಮಾಡಿ ಒಣಗಿಸಿಕೊಂಡು ಒಳಗ ಹೋದಳು. ಎಷ್ಟು ಹೊತ್ತಾದರೂ ಬರವಲ್ಲಳು. ಹೋಗಿ ನೋಡಿದರ ಕಚ್ಚಿ ಹಿಂದಕ್ಕ ಒಯ್ದರ ಸೆರಗು ಸಾಲದು, ಸೆರಗು ಹೊದ್ದರ ಕಚ್ಚಿ ಸಾಲದು. ಉಸಿರು ಬಿಗಿಹಿಡಿದು ನಿಂತಾಳ. ತುಂಡು ಹಚ್ಚಿ ಹೊಲೀಬೇಕಂದ್ರ ಹೊಲಿದ ಅರಿವಿ ಮಡಿಗೆ ಬರೂದಿಲ್ಲ. ಹೊರಗ ಆಚಾರ್ಯರು ಕೂಗಲಿಕ್ಕೆ ಹತ್ತ್ಯಾರ. "ವಿರೂಪಾಕ್ಷಪ್ಪ ಇಷ್ಟು ಪ್ರೀತಿಲೆ ಕಳಿಸ್ಯಾರ, ನನ್ನ ಮೈನೇ ದಪ್ಪ ಆತು" ಅಂತ ಕಣ್ಣಾಗ ನೀರು ತಂದಳು. ಆಕಿ ಮೈಯ್ಯೇನು ದಪ್ಪ ಅಲ್ಲೋ, ನಾವಿಬ್ಬರು ಹುಚ್ಚರು. ಇದನ್ನ ನಿನಗ ಹ್ಯಾಂಗ ಬರೀಲಿ? ನಿನ್ನ ಕೈಯಿಂದ ಬಂದದ್ದು ಸಾಲಲಿಲ್ಲ ಅಂತ ಬರೀಲಿಕ್ಕೆ ನನ್ನ ಕೈ ಏಳಲಿಲ್ಲ.

ಬ್ರಾಹ್ಮಣ ಹೆಣ್ಣುಮಕ್ಕಳು ಅಂಗಡಿಗೆ ಬರೋದು ದೀಪಾವಳಿಗೇ ನಿಂತಿತು. ನಾಲ್ಕು ನಮೂನಿ ನೋಡಿ ಬ್ಯಾಡ ಅನ್ನೋದು ಬ್ಯಾರೆ. ನೋಡಲಿಕ್ಕೇ ಇಲ್ಲ ಅಂದರ ಯಾಕ ಬಂದಾರು? ಬರೀ ಅಗ್ಗ ಬೇಕಂದ್ರ ಗಿರಣಿದು ನಮ್ಮದಕ್ಕಿಂತ ಅಗ್ಗ ಅದ. ಆರಿಸಿಕೊಳ್ಳಲಿಕ್ಕೆ ನಮ್ಮ ಕಡೆ ಬರತಿದ್ದರು, ಆ ಆರಿಸೋದನ್ನೇ ನಾವು ಕಪಾಟಿನಿಂದ ತಗದ ಹಾಕಿದ್ವಿ. ನೀನೂ ಒಂದೊಂದು ಬಿಟ್ಟಿ ನನ್ನ ಸಲುವಾಗಿ, ನಾನೂ ಒಂದೊಂದು ಬಿಟ್ಟೆ ನಿನ್ನ ಸಲುವಾಗಿ.

ಬ್ಯಾರೆ ಆಗೋಣೋ. ನಿನ್ನ ಹದಿನಾರು ನಿನಗ, ನನ್ನ ಹದಿನೆಂಟು ನನಗ. ಹಿಂಗೇ ಕೂಡಿದ್ದರ ಇನ್ನೊಂದು ವರ್ಷಕ್ಕ ನಾನೂ ನಿನಗ "ನೀವು" ಅಂದೇನು. ಅದೊಂದು ನನಗ ಬ್ಯಾಡ.

ಮಧು


ಸಿರುಗುಪ್ಪ
2 ಜುಲೈ 1890

ಮಧು,

ಹಲಗಿ ಇಳಿಸಿದಿ ಅಂತ ಮರಿಬಸಪ್ಪ ಹೇಳಿದ. ಇಳಿಸಿದ್ದು ಚೊಲೋನ ಆತು.

ಕುರುಗೋಡಿಗೆ ಹೋಗಿದ್ದೆ. ಓಬಣ್ಣನ ಮುಂದ ಹದಿನಾರು ಬ್ಯಾರೆ, ಹದಿನೆಂಟು ಬ್ಯಾರೆ ಅಂದೆ. ಆ ಮಾರಾಯ ನಗಲಿಲ್ಲ, ಕೈ ಮುಗುದ. "ಅವತ್ತ ನಾನ ಹೇಳಬೇಕಿತ್ತು ಶೆಟ್ಟರ. ಇಬ್ಬರೂ ಅಷ್ಟು ಪ್ರೀತಿಲೆ ಜಗಳ ಆಡಾಕತ್ತಿದ್ರಿ, ನಡುವ ಬಾಯಿ ಹಾಕಾಕ ಮನಸ್ಸಾಗಲಿಲ್ಲ" ಅಂದ.

ಹಳೇ ನಮೂನಿ ಎಲ್ಲಾ ಮತ್ತ ಹಾಕು ಅಂದ್ರ ಎಲ್ಲಾ ಬರಂಗಿಲ್ಲಂತ. ಗಿಣಿ ಹಸರು ಬರತೈತಿ, ನಿನ್ನ ಬದನಿಕಾಯಿ ಬಣ್ಣ ಬರತೈತಿ, ಚಂದ್ರಕಾಳಿನೂ ನೇಯತಾನ. ರುದ್ರಾಕ್ಷಿ ದಡಿ ಮಾತ್ರ ಹೋತು. ಅದನ್ನ ನೇಯಾವ ಪಾಲಯ್ಯ ಒಬ್ಬನ ಇದ್ದ. ನಾ ಸಿಟ್ಟಿನ್ಯಾಗ ನಿಲ್ಲಿಸು ಅಂತ ಹೇಳಿ ಕಳಿಸಿದ ತಿಂಗಳಕ್ಕ ಮಗ್ಗ ಬಿಚ್ಚಿ ಗುಂತಕಲ್ಲಿಗೆ ರೈಲಿನ ಕೆಲಸಕ್ಕ ಹೋದನಂತ. ನಮ್ಮವ್ವ ಜೀವ ಇರೋತನಕ ಉಟ್ಟ ದಡಿ ಅದು. ಅವನ ಮಗ್ಗದ ಕುಣಿಯೊಳಗ ಈಗ ಕೋಳಿ ಅದಾವ. ನೋಡಿಕೊಂತ ನಿಂತೆ. ಸಾಕು, ಇನ್ನ ಬರಿಯಾಕ ಆಗವಲ್ದು.

ವಿರೂಪಾಕ್ಷಿ


ಬಳ್ಳಾರಿ
ಕಾರ್ತಿಕ ಶುದ್ಧ ಏಕಾದಶಿ, 1890

ವಿರೂಪಾಕ್ಷಿ,

ಬರೀಬೇಕಂತ ಕೂತು ಒಂದು ಹೊತ್ತಾತು. ಏನು ಬರೀಲಿ, ತಿಳೀವಲ್ದು.

ಅಂಗಡಿ ತುಸು ಚೇತರಿಸಿಕೊಂಡದ. ಬದನಿಕಾಯಿ ಬಣ್ಣ ಬಂತು ಅಂತ ಸುದ್ದಿ ಹಬ್ಬಿ ನಾಲ್ಕು ಮಂದಿ ಬಂದರು. ಮುಂಚಿನಂಗ ಆಗೂದಿಲ್ಲ ಅಂತ ನನಗೂ ಗೊತ್ತದ. ಅದು ಹೋಗಲಿ. ನಾಲ್ಕು ತಿಂಗಳಾತು ನಿನ್ನ ಪತ್ರ ಇಲ್ಲ. ಸಿಟ್ಟಿಲ್ಲ ಅಂತ ಗೊತ್ತು. ವಿಷಯ ಇಲ್ಲ, ಅಷ್ಟೇ. ಕೂಡೋಕಿಂತ ಮೊದಲು ವರ್ಷಕ್ಕೊಂದು ಸಲ ಕುರುಗೋಡಿನೊಳಗ ಭೇಟಿ ಆಗತಿದ್ದಿವಿ. ಕೂಡಿದ ಮ್ಯಾಲೆ ಇಷ್ಟು ಪತ್ರ ಬಂದವು, ಎಲ್ಲಾ ಸೀರಿ ಬಗ್ಗೆ, ದಡಿ ಬಗ್ಗೆ. ಈಗ ಆ ಮಾತೂ ಇಲ್ಲ. ನಮ್ಮ ನಡುವ ಇದ್ದದ್ದು ಬರೀ ಜವಳಿಯೇನೋ ಅಂತ ಒಂದೊಂದು ಸಲ ಅನ್ನಿಸಿ ಭಯ ಆಗತದ. ಈ ವಯಸ್ಸಿನೊಳಗ ಹೊಸಾ ಗೆಳೆಯ ಎಲ್ಲಿಂದ ತರಲಿ ನಾ?

ಬ್ಯಾರೆ ಏನೂ ವಿಷಯ ಇಲ್ಲ. ಟಪಾಲಿನವ ಬಂದ.

ಮಧು


ಸಿರುಗುಪ್ಪ
1 ಡಿಸೆಂಬರ್ 1890

ಮಧು,

ಏನೂ ವಿಷಯ ಇಲ್ಲ ಅಂತ ಬರದ ನಿನ್ನ ಪತ್ರ ಬಂತು. ಓದಿದೆ. ಗುರುಬಸಮ್ಮಗೂ ಓದಿ ಹೇಳಿದೆ. ಸಂಜೀಕ ಆಕಿ ಇನ್ನೊಮ್ಮೆ ಓದಸಿದಳು, ಓದಿದೆ.

ನನ್ನ ಕಡೆನೂ ಏನೂ ವಿಷಯ ಇಲ್ಲ. ಮಳಿ ಆಗೈತಿ, ಹೊಳಿ ತುಂಬಿ ಇಳದೈತಿ, ಎತ್ತಿಗೆ ಲಾಳ ಹೊಡಿಸೀನಿ. ಅಂಗಡ್ಯಾಗ ಮರಿಬಸಪ್ಪನ್ನ ಕುಂದರಿಸೀನಿ. ನಾಳೆ ಬೆಳಿಗ್ಗೆ ಗಾಡಿ ಹೂಡತೀನಿ. ಬಾದನಹಟ್ಟಿಯಾಗ ಒಂದು ರಾತ್ರಿ ನಿಂತು ಬಳ್ಳಾರಿಗೆ ಬರತೀನಿ. ಈ ಪತ್ರ ಮುಂದ ಬರತೈತೋ, ನಾ ಮುಂದ ಬರತೀನೋ, ನೋಡೂಣು. ನನ್ನ ಅಡಗಿ ಚಿಂತಿ ವೈನಿಯವರಿಗೆ ಬ್ಯಾಡ. ಅಕ್ಕಿ, ಬ್ಯಾಳಿ ಕಟಗೊಂಡೀನಿ, ಹಿತ್ತಲ ಕಡೆ ಜಾಗ ಇಟ್ಟಿರು.

ಹೆಚ್ಚಿಗಿ ದಿನ ನಿಲ್ಲತೀನಿ. ಏನು ಕೆಲಸಕ್ಕ ಬಂದಿ ಅಂತ ಜವಳಿ ಬಜಾರದ ಮಂದಿ ಕೇಳತಾರ. ಬಳ್ಳಾರ್ಯಾಗ ನನಗ ಯಾವ ಕೆಲಸಾನೂ ಇಲ್ಲಲೇ ಮಧು. ನಿನ್ನ ನೋಡಾಕ ಬರಾಕತ್ತೀನಿ.

ವಿರೂಪಾಕ್ಷಿ